ಸಾಸ್ತಾನದ ಆಚೀಚೆಯ ಇಬ್ಬರು ಕಾಳಿಂಗರು

ಉಡುಪಿಯಿಂದ ಕುಂದಾಪುರದ ಕಡೆ ಹೊರಟವರು ಬ್ರಹ್ಮಾವರ ಕಳೆದು, ಮಾಬುಕಳ ಸೇತುವೆ ದಾಟಿ, ಗುಂಡ್ಮಿಯ ಟೋಲ್‌ಗೇಟಿನಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತಾರೆ. ಅಷ್ಟರಲ್ಲಿ ಅವರು ಕನ್ನಡದ ಎರಡು ದೊಡ್ಡ ಕಂಠಗಳ ಊರನ್ನು ಹಾದಿರುತ್ತಾರೆ. ಸಾಸ್ತಾನದ ಪಕ್ಕದ ಪಾಂಡೇಶ್ವರದ ಹೆಸರು ಪಿ. ಕಾಳಿಂಗರಾವ್ ಅವರ ಇನಿಶಿಯಲ್ಲಿನಲ್ಲಿದೆ. ಟೋಲ್‌ಗೇಟಿರುವ ಗುಂಡ್ಮಿ ಯಕ್ಷಗಾನದ ಭಾಗವತ ಜಿ.ಆರ್. ಕಾಳಿಂಗ ನಾವಡರ ಊರು. ಒಬ್ಬರು ಗ್ರಾಮಾಫೋನ್ ತಟ್ಟೆಯ ಕಾಲದವರು, ಇನ್ನೊಬ್ಬರು ಕ್ಯಾಸೆಟ್ಟಿನ ಕಾಲದವರು. ಇಬ್ಬರನ್ನೂ ನಾವು ಮರೆತಿಲ್ಲ. ಸಂಸ್ಮರಣೆ ಮಾಡುತ್ತೇವೆ, ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತೇವೆ, ವೇದಿಕೆಯ ಬ್ಯಾನರಿನಲ್ಲಿ ಫೋಟೊ ಹಾಕುತ್ತೇವೆ. ಆದರೆ ಅವರ ಧ್ವನಿಮುದ್ರಣಗಳನ್ನು ಕೂತು ಕೇಳುವುದು ಕಡಿಮೆಯಾಗಿದೆ. ಯಾವ ವರ್ಷದ್ದು, ಹಿಂದೆ ಯಾವ ವಾದ್ಯವಿದೆ, ಯಾರು ನುಡಿಸಿದ್ದು, ಎಲ್ಲಿ ಉಸಿರು ತೆಗೆದುಕೊಂಡರು ಎಂದು ಗಮನಿಸಿ ಒಂದು ಪುಸ್ತಕ ಓದುವ ಶ್ರದ್ಧೆಯಿಂದ ಕೇಳುವ ರೂಢಿಯೇ ನಮ್ಮಲ್ಲಿ ಬೆಳೆಯಲಿಲ್ಲ.

ನನ್ನನ್ನು ಈ ಯೋಚನೆಗೆ ಹಚ್ಚಿದ್ದು ವೇಲ್ಸಿನ ಒಂದು ಹಳೆಯ ರೆಕಾರ್ಡು. ಹಾಡಿದವರು ಮೈಕ್ ಸ್ಟೀವನ್ಸ್, 1942ರಲ್ಲಿ ಹುಟ್ಟಿದವರು, ಪೆಂಬ್ರೋಕ್‌ಷೈರಿನ ಸೊಲ್ವಾ ಎಂಬ ಕಡಲ ದಂಡೆಯ ಸಣ್ಣ ಊರಿನವರು. 1970ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿ ಅವರಿಂದ ‘ಔಟ್‌ಲ್ಯಾಂಡರ್’ ಎಂಬ ಇಂಗ್ಲಿಷ್ ಆಲ್ಬಂ ಮಾಡಿಸಿತ್ತು. ಅದರಲ್ಲಿ ಗಿಟಾರಿನ ಜೊತೆ ಸಿತಾರ್, ತಬಲಾ ಕೂಡ ಇವೆ. ಆ ದಾರಿಯಲ್ಲೇ ಹೋಗಿದ್ದರೆ ಲಂಡನ್ನಿನ ದೊಡ್ಡ ಹೆಸರಾಗಬಹುದಿತ್ತೋ ಏನೋ. ಅವರು ತಿರುಗಿ ವೆಲ್ಷ್ ಭಾಷೆಗೇ ಬಂದರು. 1972ರಲ್ಲಿ ‘ಗ್ವಿಮೋನ್’ ಎಂಬ ಆಲ್ಬಂ ಒಂದು ಸಣ್ಣ ವೆಲ್ಷ್ ಕಂಪನಿಯಿಂದ ಹೊರಬಂತು. ಹೆಸರಿನ ಅರ್ಥ ಕಡಲಪಾಚಿ. ಊರ ಉಣ್ಣೆ ಗಿರಣಿಯ ಹುಡುಗಿಯ ಮೇಲೆ ಅದರಲ್ಲೊಂದು ಹಾಡಿದೆ. ಭಾಷೆ ಗೊತ್ತಿಲ್ಲದ ನನಗೂ ಆ ರಾಗದ ನಡೆ ಹತ್ತಿರದ್ದೆನಿಸಿತು. ಬಸ್ರೂರು, ಕುಂದಾಪುರದ ಹಂಚಿನ ಕಾರ್ಖಾನೆಗಳಲ್ಲಿ ಮಣ್ಣು ಹೊತ್ತ ಹೆಂಗಸರ ಮೇಲೆ ಇಂಥದ್ದೊಂದು ಹಾಡು ಆ ಕಾಲದಲ್ಲೇ ಅಚ್ಚಾಗಿ ಬಂದಿದ್ದರೆ ಎಂದು ಆಸೆಯಾಯಿತು. ‘ಗ್ವಿಮೋನ್’ ಬಹಳ ಕಾಲ ಸಂಗ್ರಾಹಕರ ಕಪಾಟಿನಲ್ಲಿ ಮಾತ್ರ ಉಳಿದಿತ್ತು. ಮರುಮುದ್ರಣವಾದ ಮೇಲೆಯೇ ಹೊರಗಿನವರ ಕಿವಿಗೆ ಬಿದ್ದದ್ದು.

ವೇಲ್ಸಿನವರು ಹಾಡನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಲು ಕಾರಣವಿತ್ತು. 1962ರಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಲೇಖಕ ರೇಡಿಯೊ ಭಾಷಣದಲ್ಲಿ, ಹೀಗೇ ಬಿಟ್ಟರೆ ಈ ಭಾಷೆ ಉಳಿಯುವುದಿಲ್ಲ ಎಂದು ಎಚ್ಚರಿಸಿದ್ದರು. 1965ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಕೊಡಲು ಅಣೆಕಟ್ಟು ಕಟ್ಟಿ, ವೆಲ್ಷ್ ಮಾತಾಡುವ ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು ಮುಳುಗಿಸಲಾಯಿತು. 1969ರಲ್ಲಿ ಇಬ್ಬರು ಗಾಯಕರು ಇನ್ನೊಬ್ಬರ ಜೊತೆ ಸೇರಿ ‘ಸೈನ್’ ಎಂಬ ರೆಕಾರ್ಡ್ ಕಂಪನಿ ಕಟ್ಟಿದರು. ಅದರ ಮೊದಲ ತಟ್ಟೆ ಹ್ಯೂ ಜೋನ್ಸ್ ಹಾಡಿದ, ಆ ನೀರಿನ ಮೇಲಿನದೇ ಹಾಡು. ಅಕೌಸ್ಟಿಕ್ ಗಿಟಾರ್ ಹಿಡಿದು ಶುರುವಾದದ್ದು ಕೆಲವೇ ವರ್ಷಗಳಲ್ಲಿ ಡ್ರಮ್ಸು, ವಿದ್ಯುತ್ ಗಿಟಾರ್ ಸೇರಿ ವೆಲ್ಷ್ ಫೋಕ್ ರಾಕ್ ಆಯಿತು. ಅದರ ಬಹುಪಾಲು ಮನೆಯೊಳಗೇ ಕೇಳಿಸಿ ಮನೆಯೊಳಗೇ ಅಡಗಿತು. 2005ರಲ್ಲಿ ಸೂಪರ್ ಫರ್ರಿ ಆ್ಯನಿಮಲ್ಸ್ ತಂಡದ ಗ್ರಫ್ ರೀಸ್ ಮತ್ತು ಮ್ಯಾಂಚೆಸ್ಟರಿನ ಇಬ್ಬರು ಸಂಗ್ರಾಹಕರು ಸೈನ್ ಕಂಪನಿಯ ಹಳೆಯ ದಾಸ್ತಾನು ಕೆದಕಿ, ಆಯ್ದ ಹಾಡುಗಳನ್ನು ವಿವರಗಳ ಸಮೇತ ‘ವೆಲ್ಷ್ ರೇರ್ ಬೀಟ್’ ಎಂದು ಹೊರತಂದರು. ಜಗತ್ತು ತಿರುಗಿ ನೋಡಿತು. 2021ರ ಜನಗಣತಿಯಲ್ಲಿ ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000 ಮಂದಿ, ಜನಸಂಖ್ಯೆಯ ಶೇ 17.8. ಅಷ್ಟು ಸಣ್ಣ ಭಾಷೆಯ ಐವತ್ತು ವರ್ಷ ಹಳೆಯ ಆಲ್ಬಮ್ಮಿನ ಬಗ್ಗೆ ಇವತ್ತು ಪುಟಗಟ್ಟಲೆ ಬರೆಯುವವರಿದ್ದಾರೆ. ಕೋಟಿಗಟ್ಟಲೆ ಜನರ ಕನ್ನಡದಲ್ಲಿ ಕಾಳಿಂಗರಾಯರ ಒಂದೊಂದು ರೆಕಾರ್ಡಿನ ಬಗ್ಗೆ ಹಾಗೆ ಬರೆದದ್ದನ್ನು ಓದಬೇಕೆಂದರೆ ಹುಡುಕಾಡಬೇಕು.

ಆರೂರಿನಿಂದ ಹೊರಟ ಕಂಠ

ಕಾಳಿಂಗರಾಯರು ಹುಟ್ಟಿದ್ದು 1914ರಲ್ಲಿ, ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಆರೂರಿನಲ್ಲಿ. ತಂದೆ ಯಕ್ಷಗಾನದ ಕಲಾವಿದರು. ಹುಡುಗ ಎಳವೆಯಲ್ಲೇ ನಾಟಕ ಕಂಪನಿ ಸೇರಿದ. ಅವರ ಕಂಠವನ್ನು ಅರ್ಥಮಾಡಿಕೊಳ್ಳಲು ಈ ಎರಡು ಸಂಗತಿ ಸಾಕು. ಮೈಕು ಇಲ್ಲದ ರಂಗದಲ್ಲಿ ಕೊನೆಯ ಸಾಲಿನವನಿಗೂ ಒಂದೊಂದು ಅಕ್ಷರ ಕೇಳಿಸಬೇಕು. ರಾಗ ಎಷ್ಟು ಚೆಂದವಿದ್ದರೂ ಮಾತು ಮುಳುಗಿದರೆ ಆಟ ಕೆಟ್ಟಿತು. ಮುಂದೆ ಮೈಕಿನ ಮುಂದೆ ನಿಂತಾಗಲೂ ರಾಯರು ಆ ಶಿಸ್ತು ಬಿಡಲಿಲ್ಲ. ಗಂಟಲು ತೆರೆದು ಹಾಡುತ್ತಾರೆ, ವ್ಯಂಜನಗಳನ್ನು ಕಚ್ಚಿ ಹಿಡಿಯುತ್ತಾರೆ, ಸಾಲಿನ ಕೊನೆಯನ್ನು ಎಳೆದು ಕರಗಿಸುವ ಬದಲು ಮಾತು ಮುಗಿದಲ್ಲಿ ನಿಲ್ಲಿಸುತ್ತಾರೆ. ಇವತ್ತಿನ ಸುಗಮ ಸಂಗೀತದ ಮೆತ್ತನೆಯ ಧ್ವನಿಗೆ ಒಗ್ಗಿದ ಕಿವಿಗೆ ಮೊದಲ ಸಲ ಅದು ಸ್ವಲ್ಪ ಒರಟೆನಿಸಬಹುದು. ಎರಡು ಮೂರು ಸಲ ಕೇಳಿದರೆ ಆ ಒರಟಿನಲ್ಲೇ ಕವಿತೆ ಎದ್ದು ನಿಲ್ಲುವುದು ತಿಳಿಯುತ್ತದೆ.

ಗ್ರಾಮಾಫೋನಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು, ಮೂರೂವರೆ ನಿಮಿಷ. ಬೀಸುವಾಗ, ನಟ್ಟಿ ನೆಡುವಾಗ ಹಾಡಿದ ಜನಪದ ಗೀತೆಗೆ ಅಂಥ ಗಡಿಯಿಲ್ಲ. ಕೆಲಸ ಮುಗಿಯುವ ತನಕ ಅದು ನಡೆಯುತ್ತದೆ. ಹಾಗಿರುವ ಹಾಡನ್ನು ಮೂರು ನಿಮಿಷಕ್ಕೆ ತರುವುದೆಂದರೆ ಯಾವ ನುಡಿ ಇರಬೇಕು, ಯಾವುದು ಬೇಡ, ಎಲ್ಲಿ ವಾದ್ಯ ಬರಬೇಕು, ಪಲ್ಲವಿ ಎಷ್ಟು ಸಲ ಮರಳಬೇಕು ಎಂದು ತೀರ್ಮಾನಿಸಬೇಕು. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಹಳ್ಳಿಯ ಹಾಡು ರೆಕಾರ್ಡಿನ ಹಾಡಾದದ್ದೂ ಇದೇ ಇಕ್ಕಟ್ಟಿನಲ್ಲಿ. ಕನ್ನಡದಲ್ಲಿ ಈ ಕೆಲಸವನ್ನು ದೊಡ್ಡ ಮಟ್ಟದಲ್ಲಿ, ಜನ ಒಪ್ಪುವ ಹಾಗೆ ಮಾಡಿದವರಲ್ಲಿ ಮೊದಲ ಹೆಸರು ಕಾಳಿಂಗರಾಯರದು. ಅವರನ್ನು ಸುಗಮ ಸಂಗೀತದ ಹಿರಿಯ ಎಂದಷ್ಟೇ ಕರೆದು ನಾವು ಈ ಸಾಹಸವನ್ನು ಮುಚ್ಚಿಬಿಟ್ಟಿದ್ದೇವೆ. ಜನಪದದ ಮಟ್ಟು, ನಾಟಕದ ಉಚ್ಚಾರ, ಹಿಂದೂಸ್ತಾನಿಯ ಅಭ್ಯಾಸ, ಪಶ್ಚಿಮದ ವಾದ್ಯಗಳ ಮೇಳ ಇವನ್ನು ಒಂದೇ ತಟ್ಟೆಯಲ್ಲಿ ಕೂಡಿಸಿದ್ದು ಆ ಕಾಲಕ್ಕೆ ಫೋಕ್ ರಾಕ್‌ನವರು ಮಾಡಿದಷ್ಟೇ ಎದೆಗಾರಿಕೆಯ ಕೆಲಸ.

‘ಯಾರಿಗೂ ಹೇಳೋಣು ಬ್ಯಾಡ’ ಎಂಬ ಜನಪದ ಗೀತೆಯನ್ನು ತೆಗೆದುಕೊಳ್ಳಿ. ಅದು ಗಂಡು ಹೆಣ್ಣಿನ ಗುಟ್ಟಿನ ಹಾಡು. ಸಾವಿರಾರು ಜನರ ಮುಂದೆ ಹಾಡಿದರೂ ಗುಟ್ಟು ಗುಟ್ಟಾಗಿಯೇ ಇರಬೇಕು, ಅದೇ ಅದರ ಕಷ್ಟ. ರಾಯರ ಜೊತೆ ಹಾಡುತ್ತಿದ್ದ ಮೋಹನಕುಮಾರಿ ಮತ್ತು ಸೋಹನಕುಮಾರಿ ಅವರನ್ನು ಇಲ್ಲಿ ನೆನೆಯಲೇಬೇಕು. ಸಹಗಾಯಕಿಯರು ಎಂದು ಒಂದು ಪದದಲ್ಲಿ ಅವರನ್ನು ದಾಟಿಬಿಡುತ್ತಾರೆ. ಹೆಣ್ಣು ಧ್ವನಿ ಹಿನ್ನೆಲೆಯಲ್ಲಿ ಅಲಂಕಾರಕ್ಕೆ ಇರುವುದಲ್ಲ, ಮಾತಿಗೆ ಮಾತು ಕೊಡುವುದು. ಅದಿಲ್ಲದಿದ್ದರೆ ಆ ಹಾಡುಗಳ ಅರ್ಧ ಜೀವ ಹೋಗುತ್ತದೆ. ಇವರಿಬ್ಬರ ಬಗ್ಗೆಯೇ ಒಂದು ಲೇಖನ ಬರಬೇಕಿತ್ತು, ಎಂದೋ ಬರಬೇಕಿತ್ತು.

ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಮನೆಮನೆಗೆ ಮುಟ್ಟಿದ್ದರಲ್ಲೂ ರಾಯರ ದೊಡ್ಡ ಪಾಲಿದೆ. ಹೆಂಡಗುಡುಕ ರತ್ನನ ಭಾಷೆ ಬೆಂಗಳೂರು ಸೀಮೆಯ ಆಡುಮಾತು. ಹಾಡಿದವರೋ ತುಳುವೂ ಕುಂದಾಪ್ರ ಕನ್ನಡವೂ ಒಂದಕ್ಕೊಂದು ತಾಗುವ ಸೀಮೆಯಿಂದ ಬಂದವರು. ‘ಬಪ್ಪುದ್’, ‘ಹೋಪುದ್’, ‘ಹೊಯ್ಕ್’ ಎಂದು ಪದದ ಬಾಲ ಕತ್ತರಿಸಿ ಮಾತಾಡುವ ನಮ್ಮ ಕಡೆಯವರಿಗೆ ಆ ಮಾತಿನ ಎಳೆತ ಸುಲಭಕ್ಕೆ ಒಲಿಯುವುದಲ್ಲ. ರಾಯರು ಅದನ್ನು ಹಾಡಿದಾಗ ಎಲ್ಲೂ ಅಣಕು ಇಣುಕುವುದಿಲ್ಲ. ರತ್ನ ನಗಿಸುತ್ತಾನೆ, ಆದರೆ ನಗೆಪಾಟಲಾಗುವುದಿಲ್ಲ.

ಗಣೇಶೋತ್ಸವ, ರಾಜ್ಯೋತ್ಸವಗಳ ವೇದಿಕೆಯಲ್ಲಿ ಹುಯಿಲಗೋಳ ನಾರಾಯಣರಾಯರ ಕನ್ನಡ ನಾಡಿನ ಗೀತೆ ಹಾಡಿ ಜನರನ್ನು ಎಬ್ಬಿಸಿ ನಿಲ್ಲಿಸಿದವರೂ ಇವರೇ. 1959ರ ‘ಅಬ್ಬಾ ಆ ಹುಡುಗಿ’ ಚಿತ್ರಕ್ಕೆ ಸಂಗೀತ ಕೊಟ್ಟರು. 1981ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದು, ಭಾವಗೀತೆಗೆ ಹೊಸ ಮಾರುಕಟ್ಟೆ ತೆರೆದಿತ್ತು. ಅದರ ಹಿಂದೆಯೇ ಕೊಳಲಿನ ಪೀಠಿಕೆ, ತಬಲಾ, ನಡುವೆ ವಯಲಿನ್ ಎಂಬ ಒಂದು ಅಚ್ಚು ಸಿದ್ಧವಾಯಿತು. ಆ ಅಚ್ಚಿನಲ್ಲೂ ಒಳ್ಳೆಯ ಹಾಡುಗಳು ಬಂದಿವೆ, ನಾನೂ ಇಷ್ಟಪಟ್ಟು ಕೇಳುತ್ತೇನೆ. ಆದರೆ ರಾಯರ ತಟ್ಟೆಗಳಲ್ಲಿದ್ದ ಅನಿರೀಕ್ಷಿತ ಗುಣ ಅಲ್ಲಿ ಕಡಿಮೆಯಾಯಿತೆಂದೇ ನನ್ನ ಅಭಿಪ್ರಾಯ.

ಪಶ್ಚಿಮದ ವಾದ್ಯವನ್ನು ಊರ ಕಲೆಗೆ ತರುವ ಧೈರ್ಯ ಈ ಸೀಮೆಯಲ್ಲಿ ಅವರೊಬ್ಬರದೇ ಅಲ್ಲ. ಅಲ್ಲೇ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ವಯಲಿನ್ನನ್ನೂ ಸ್ಯಾಕ್ಸೊಫೋನನ್ನೂ ಬಳಸಿದರು. ಆಗ ಗುಲ್ಲೆದ್ದಿತು. ಇವತ್ತು ಕರಾವಳಿಯ ಮದುವೆ ಮನೆಯಲ್ಲಿ, ರಥೋತ್ಸವದಲ್ಲಿ ಸ್ಯಾಕ್ಸೊಫೋನ್ ಕೇಳಿ ಯಾರೂ ಹುಬ್ಬೇರಿಸುವುದಿಲ್ಲ.

ಡೇರೆಯೊಳಗಿನ ಇನ್ನೊಬ್ಬ ಕಾಳಿಂಗ

ಗುಂಡ್ಮಿಯ ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಮೂವತ್ತೆರಡು ತುಂಬುವುದರೊಳಗೆ ಅವರು ಬಡಗುತಿಟ್ಟಿನ ಹಾಡುಗಾರಿಕೆಯ ದಿಕ್ಕನ್ನೇ ಬದಲಿಸಿದ್ದರು. ಅವರು ಹಾಡುತ್ತಿದ್ದ ಸಾಲಿಗ್ರಾಮ ಮೇಳ ಟಿಕೇಟಿನ ಡೇರೆ ಮೇಳ. ಅಲ್ಲಿ ಜನ ದುಡ್ಡು ಕೊಟ್ಟು ಒಳಗೆ ಬರಬೇಕಿತ್ತು, ಬೆಳಗಿನ ತನಕ ಕೂರಬೇಕಿತ್ತು. ಬಂದವರಲ್ಲಿ ಬಹಳ ಮಂದಿ ಯಾರು ವೇಷ ಮಾಡುತ್ತಾರೆಂದು ಕೇಳುವ ಮೊದಲು ಭಾಗವತರು ಯಾರೆಂದು ಕೇಳತೊಡಗಿದ್ದು ನಾವಡರ ಕಾಲದಲ್ಲಿ. ಅವರೇ ಬರೆದ ‘ನಾಗಶ್ರೀ’ ಪ್ರಸಂಗ ಊರೂರಿನಲ್ಲಿ ಓಡಿತು.

ಏರು ಶ್ರುತಿ, ಉದ್ದನೆಯ ಆಲಾಪ, ಯಕ್ಷಗಾನದಲ್ಲಿ ಹೆಚ್ಚು ಬಳಕೆಯಲ್ಲಿಲ್ಲದ ರಾಗಗಳು, ದುಃಖದ ಪದ್ಯಕ್ಕೆ ಕೊಡುವ ಬಿಡುವು ಇವೆಲ್ಲ ಹೊಸತು. ಸಂಪ್ರದಾಯದವರು ಒಪ್ಪಲಿಲ್ಲ. ಯಕ್ಷಗಾನದ ಮಟ್ಟಿಗೆ ಅದರದೇ ನಡೆ ಇದೆ, ಭಾಗವತ ಆಟವನ್ನು ನಡೆಸಬೇಕು, ಕಛೇರಿ ಮಾಡಬಾರದು ಎಂದರು. ಆ ಮಾತಿನಲ್ಲಿ ಹುರುಳಿದೆ. ಅವರನ್ನು ಅನುಕರಿಸಿದ ಅನೇಕರು ಆಲಾಪ ಮಾತ್ರ ಹಿಡಿದರು, ಆಟ ಬಿಟ್ಟರು. ಆದರೆ ನಾವಡರ ಒಳ್ಳೆಯ ಧ್ವನಿಮುದ್ರಣಗಳಲ್ಲಿ ರಾಗ ಎಷ್ಟೇ ಹರಡಿದರೂ ತಾಳದ ಹಿಡಿತ ಸಡಿಲವಾಗುವುದಿಲ್ಲ. ಮದ್ದಳೆಯವರು ಕಾಯುತ್ತಾರೆ, ಚಂಡೆ ಸರಿಯಾದ ಜಾಗದಲ್ಲಿ ಎರಗುತ್ತದೆ. ಚಂಡೆಯ ಆ ಏಟು, ಅದರ ಮೇಲೆ ಏರಿ ನಿಲ್ಲುವ ಮನುಷ್ಯನ ಕಂಠ! ವಿದ್ಯುತ್ ಗಿಟಾರ್ ಬೇರೆ ಕಡೆ ಕೊಡುವ ಮೈನವಿರು ನಮ್ಮ ಕಡೆಯವರಿಗೆ ಗದ್ದೆಯ ಡೇರೆಯಲ್ಲೇ ಸಿಕ್ಕಿತ್ತು. ಮೈ ಝುಂ ಎನ್ನಿಸುವ ದೊಡ್ಡ ಸದ್ದಿಗೆ ಈ ಊರು ಹೊಸದಾಗಿ ಒಗ್ಗಬೇಕಾಗಿಲ್ಲ. ಹೋಳಿಯಲ್ಲಿ ಕುಡುಬಿಯರ ಗುಮಟೆ ಕೇಳಿದವರಿಗೆ, ಡಕ್ಕೆಬಲಿಯ ರಾತ್ರಿ ಕೂತವರಿಗೆ ಇದು ಗೊತ್ತು.

ನಾವಡರ ಹಾಡು ಉಳಿದದ್ದು ಕ್ಯಾಸೆಟ್ಟಿನಿಂದ. ಕಂಪನಿಗಳು ತಂದದ್ದು ಕೆಲವು. ಅಭಿಮಾನಿಗಳು ಡೇರೆಯಲ್ಲಿ ಟೇಪ್‌ರೆಕಾರ್ಡರ್ ಹಿಡಿದು ಕೂತು ಮಾಡಿಕೊಂಡದ್ದು ಹಲವು. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ನಕಲಾಗಿ ಅವು ಹೋಟೆಲು, ಗೂಡಂಗಡಿ, ಲಾರಿ ಎಲ್ಲ ಕಡೆ ಹೋದವು. ಒಂದೊಂದು ನಕಲಿಗೂ ಸದ್ದು ಮಸುಕಾಯಿತು. ಊರು, ತಾರೀಕು, ಮದ್ದಳೆಗಾರರ ಹೆಸರು ಮೊದಲ ನಕಲಿನಲ್ಲೇ ಕಳಚಿಹೋದವು.

ಉಡುಪಿಯಲ್ಲೇ ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಮಾದರಿ ಇದೆ. ಕು.ಶಿ. ಹರಿದಾಸ ಭಟ್ಟರು ಎಂ.ಜಿ.ಎಂ. ಕಾಲೇಜಿನಲ್ಲಿ ಕಟ್ಟಿದ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದ ನಂಟಿನಿಂದ ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಮತ್ತು ಇಲ್ಲಿನ ವಿದ್ವಾಂಸರು 1990ರಲ್ಲಿ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಕಾವ್ಯವನ್ನು ಮುದ್ರಿಸಿಕೊಂಡರು. 15,683 ಸಾಲುಗಳು. 1998ರಲ್ಲಿ ಅದು ಪುಸ್ತಕವಾಗಿ ಬಂದಾಗ ಯಾವ ದಿನ, ಎಲ್ಲಿ, ಹೇಗೆ ಹಾಡಿದರು ಎಂಬುದೆಲ್ಲ ಅದರಲ್ಲಿತ್ತು. ನಾವಡರು ತೀರಿಕೊಂಡ ವರ್ಷವೇ ಆ ಮುದ್ರಣ ನಡೆದದ್ದು. ವಿದ್ವಾಂಸರ ಕಣ್ಣಿಗೆ ಬಿದ್ದ ಹಾಡಿಗೆ ಸಿಕ್ಕಿದ ಆರೈಕೆ, ಜನ ಮೆಚ್ಚಿ ಓಡಿ ಬಂದು ಕೇಳಿದ ಹಾಡಿಗೆ ಸಿಗಲಿಲ್ಲ. ಜನಪ್ರಿಯವಾದದ್ದು ತಾನಾಗಿ ಉಳಿಯುತ್ತದೆಂದು ಎಲ್ಲರೂ ನಂಬಿದ್ದರು.

ಈಗಿನ ಸದ್ದು

ಕನ್ನಡದ ಹಾಡುಗಳೂ ಇದ್ದ, ಫೋಕ್ ರಾಕ್ ಎಂದೇ ಹೆಸರು ಹಚ್ಚಿಕೊಂಡ ಆಲ್ಬಂ ಹೊರ ಜಗತ್ತಿಗೆ ಮುಟ್ಟಿದ್ದು 2008ರಲ್ಲಿ, ರಘು ದೀಕ್ಷಿತ್ ಅವರ ಮೊದಲ ಆಲ್ಬಂನಿಂದ. ಅದರಲ್ಲಿ ಶಿಶುನಾಳ ಷರೀಫರ ಎರಡು ತತ್ತ್ವಪದಗಳಿವೆ. 1889ರಲ್ಲಿ ತೀರಿಕೊಂಡ ಅನುಭಾವಿಯ ಪದ ಬ್ರಿಟನ್ನಿನ ವೇದಿಕೆಯವರೆಗೂ ಹೋಯಿತು. ಅದರ ಹಿಂದೆ ಅರ್ಧ ಶತಮಾನದ ಹಿಂದಿನ ಆರೂರಿನ ಕಂಠವೊಂದು ಇದೇ ದಾರಿಯ ಮುಳ್ಳು ಸರಿಸಿತ್ತು ಎಂದು ಆಗ ಹೇಳಿದವರು ವಿರಳ.

ಕುಂದಾಪ್ರ ಕನ್ನಡದ ಪಾಲಿಗೆ ದೊಡ್ಡ ಹೆಸರು ರವಿ ಬಸ್ರೂರು. ‘ಉಗ್ರಂ’, ಆಮೇಲೆ 2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳ ಸಂಗೀತದಿಂದ ದೇಶಕ್ಕೆಲ್ಲ ಗೊತ್ತಾದರು. ‘ಕೆಜಿಎಫ್’ಗೂ ಮೊದಲು, 2014ರಲ್ಲೇ, ಅವರು ತಮ್ಮ ಊರಿನ ಮಾತಿನಲ್ಲೇ ‘ಗರ್ಗರ್ ಮಂಡಲ’ ಎಂಬ ಸಿನಿಮಾ ಮಾಡಿದ್ದರು, 2016ರಲ್ಲಿ ‘ಬಿಲಿಂಡರ್’. ಆಗ ಆ ಮಾತನ್ನು ಪರದೆಯ ಮೇಲೆ ಹೆಚ್ಚಾಗಿ ನಗಿಸುವ ಪಾತ್ರಕ್ಕೆ ಬಳಸುತ್ತಿದ್ದರು. ಇಡೀ ಸಿನಿಮಾವನ್ನು, ಅದರ ಹಾಡನ್ನು ಆ ಮಾತಿನಲ್ಲೇ ನಿಲ್ಲಿಸುವುದು ದುಡ್ಡಿನ ಲೆಕ್ಕದಲ್ಲಿ ಯಾರೂ ಹೇಳಿಕೊಡುವ ಬುದ್ಧಿಯಲ್ಲ. ‘ಕೆಜಿಎಫ್’ನ ಗುಡುಗು ಕೇಳಿದವರು ಒಮ್ಮೆ ಹಿಂದೆ ತಿರುಗಿ ಆ ಚಿತ್ರಗಳ ಹಾಡುಗಳನ್ನು ಕೇಳಬೇಕು. ಜನಗಣತಿ ಕುಂದಾಪ್ರ ಕನ್ನಡವನ್ನು ಬೇರೆಯಾಗಿ ಎಣಿಸುವುದಿಲ್ಲ. ಈಚಿನ ವರ್ಷಗಳಲ್ಲಿ ಆಸಾಡಿ ಅಮಾಸಿಯ ದಿನ ಅದರ ಹೆಸರಿನಲ್ಲಿ ಹಬ್ಬ ನಡೆಯುತ್ತದೆ. ಹಬ್ಬ ಬೇಕು. ಜೊತೆಗೆ ಹಾಡಿನ ದಾಖಲೆಯೂ ಬೇಕು.

ಬೈಂದೂರಿನ ಕಡೆಯಿಂದ ಹಾಡಿಗೆ ಸಾಹಿತ್ಯದ ನಂಟು ಹಳೆಯದು. ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ಕವಿತೆ ‘ಅಮೆರಿಕ ಅಮೆರಿಕ’ ಸಿನಿಮಾದ ಮೂಲಕ ನವ್ಯ ಕಾವ್ಯ ಓದದವರ ಬಾಯಲ್ಲೂ ಬಂತು. ಮರವಂತೆಯ ಪ್ರಮೋದ್ ಮರವಂತೆ 2022ರ ‘ಕಾಂತಾರ’ಕ್ಕೆ ಹಾಡು ಬರೆದರು. ಅದೇ ಚಿತ್ರದಲ್ಲಿ ನಾಗರಾಜ ಪಾಣಾರ ವಾಲ್ತೂರು ಅವರ ಕಂಠವನ್ನು ಸಿನಿಮಾದ ನುಣುಪು ಹಚ್ಚದೆ, ಇದ್ದ ಹಾಗೆ ಬಿಟ್ಟದ್ದು ನನಗೆ ಇಡೀ ಚಿತ್ರದ ಸಂಗೀತದಲ್ಲೇ ಹೆಚ್ಚು ಮೆಚ್ಚಿಗೆಯಾದ ತೀರ್ಮಾನ.

ಆಗಬೇಕಾದ ಕೆಲಸ ಕಷ್ಟದ್ದಲ್ಲ, ಆದರೆ ತುರ್ತಿನದು. 78ರ ತಟ್ಟೆಗಳು ಅರಗಿನವು. ಬಿದ್ದರೆ ಒಡೆಯುತ್ತವೆ, ಬಿಸಿಲಿಗೆ ಬಾಗುತ್ತವೆ. ಎಲ್‌ಪಿಗೆ ಬಳಸುವ ಸಣ್ಣ ಮುಳ್ಳಿನಲ್ಲಿ ಅವನ್ನು ನುಡಿಸಿದರೆ ಗೀರಿನ ತಳ ಕೆರೆದು ಕರಕರ ಸದ್ದೇ ಹೆಚ್ಚುತ್ತದೆ. ಅಗಲ ಮುಳ್ಳೇ ಬೇಕು. ತಿರುಗುವ ವೇಗ ಸ್ವಲ್ಪ ತಪ್ಪಿದರೂ ಶ್ರುತಿ ಏರುಪೇರಾಗಿ, ಕೇಳುವವನಿಗೆ ರಾಯರ ನಿಜವಾದ ಕಂಠವೇ ಸಿಗುವುದಿಲ್ಲ. ಕ್ಯಾಸೆಟ್ಟಿನ ಶತ್ರು ನಮ್ಮ ಮಳೆಗಾಲ. ನಾಲ್ಕು ತಿಂಗಳ ತಂಪಿಗೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ, ಅದನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಹೆಡ್ಡೂ ಕೊಳೆಯಾಗಿ ಟೇಪೂ ಕಿತ್ತುಬರುತ್ತದೆ. ಮೊಬೈಲಿನಲ್ಲಿ ರಾಯರ ಹಾಡುಗಳು ಇವತ್ತೂ ಸಿಗುತ್ತವೆ, ಸಂತೋಷ. ಕ್ಲಾರಿನೆಟ್ ಯಾರದ್ದು, ಮೇಳ ಕಟ್ಟಿಕೊಟ್ಟವರು ಯಾರು ಎಂದು ನೋಡಹೋದರೆ ಅಲ್ಲಿ ಏನೂ ಇಲ್ಲ. ಕೆಲವೊಮ್ಮೆ ಕವಿಯ ಹೆಸರೂ ಇಲ್ಲ. ವೇಲ್ಸಿನವರು ಹಳೆಯ ಹಾಡಿನ ಜೊತೆ ಕೊಟ್ಟದ್ದು ಈ ವಿವರಗಳನ್ನೇ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳ ಅಟ್ಟದಲ್ಲಿ ನಾವಡರ ಕ್ಯಾಸೆಟ್ಟುಗಳು ಇನ್ನೂ ಇವೆ. ರಾಯರ ತಟ್ಟೆಗಳೂ ಅಲ್ಲಲ್ಲಿ ಇರಬಹುದು. ಅವನ್ನು ಕೆಳಗಿಳಿಸಿ ಒರೆಸಿ, ಬಲ್ಲವರ ಕೈಯಲ್ಲಿ ಡಿಜಿಟಲ್ ಪ್ರತಿ ಮಾಡಿಸಿಕೊಳ್ಳಬೇಕು. ಅದಕ್ಕೂ ಮೊದಲು, ಆ ಆಟಕ್ಕೆ ಹೋಗಿದ್ದ ಅಜ್ಜನನ್ನೋ ಮಾವನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಡಬ್ಬಿಯ ರಟ್ಟಿನ ಮೇಲೆ ಬರೆಸಿಕೊಳ್ಳಬೇಕು: ಯಾವ ಊರು, ಯಾವ ವರ್ಷ, ಯಾವ ಪ್ರಸಂಗ, ಮದ್ದಳೆ ಯಾರು, ಚಂಡೆ ಯಾರು.